ಎಂಬತ್ತನಾಲ್ಕು ಹೌದುಗಳು

ಎಲ್ಲ ಆದದ್ದು ಒಂದು ಗೆರೆಯಿಂದ. ಹಣೆಬರಹದ ಗೆರೆಯಲ್ಲ, ಸ್ಕೇಲು ಇಟ್ಟು, ನೀಲಿ ಪೆನ್ನಿನಲ್ಲಿ, ಹಾಳೆಯ ಮೇಲಿನಿಂದ ಕೆಳಗಿನವರೆಗೆ ನೀಟಾಗಿ ಎಳೆದ ಗೆರೆ. ಎಳೆದವನು ಉಗ್ರಾಣಿ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ರಟ್ಟಿನ ಪೆಟ್ಟಿಗೆ ಮಾಡುವ ಆ ಸಣ್ಣ ಕಾರ್ಖಾನೆಯ ಸ್ಟೋರಿನಲ್ಲಿ ಹತ್ತೊಂಬತ್ತು ವರ್ಷ ಕೂತ ಮೇಲೆ ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮೆಟ್ಟಿಲ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಅವನು ದಿನಾ ಬೆಳಿಗ್ಗೆ ಗೋಂದು, ದಾರ, ಪಿನ್ನು, ಗ್ಲೌಸು ಎಲ್ಲ ಇದೆಯೇ ಎಂದು ನೋಡುತ್ತಿದ್ದ. ನೋಡಿದ ಮೇಲೆ ರಿಜಿಸ್ಟರಿನ ಮೊದಲ ಸಾಲಿನಲ್ಲಿ ‘ಇದೆ’ ಎಂದು ಬರೆದು, ಅದರ ಕೆಳಗೆ ಸ್ಕೇಲು ಇಟ್ಟು ಉದ್ದಕ್ಕೂ ಗೆರೆ ಎಳೆಯುತ್ತಿದ್ದ. ಗೆರೆ ಅಂದರೆ ‘ಮೇಲಿನಂತೆ’. ಹತ್ತೊಂಬತ್ತು ವರ್ಷ ಎಳೆದ ಕೈಗೆ ಸ್ಕೇಲು ಕಂಡರೆ ಸಾಕು, ತಾನೇ ಎಳೆದುಬಿಡುತ್ತಿತ್ತು.

ಹೋದ ಶುಕ್ರವಾರ ಊಟದ ಹೊತ್ತು ಮುಗಿದು ಕಣ್ಣು ಎಳೆಯುತ್ತಿದ್ದಾಗ ಯಜಮಾನರು ಅವನ ಮೇಜಿನ ಮೇಲೆ ಒಂದು ದಪ್ಪ ಫಾರಂ ಇಟ್ಟು ಹೋದರು. ಇವರಿಂದ ಪೆಟ್ಟಿಗೆ ಕೊಳ್ಳುವ ದೊಡ್ಡ ಸೋಪಿನ ಕಂಪನಿ ಕಳಿಸಿದ್ದು. ಇನ್ನು ಮುಂದೆ ಅವರಿಗೆ ಮಾಲು ಕೊಡುವ ಸಣ್ಣ ಸಣ್ಣ ಕಂಪನಿಗಳೂ ಪರಿಸರ, ನೌಕರರ ಕ್ಷೇಮ, ಆಡಳಿತ ಈ ಮೂರರಲ್ಲಿ ಪರೀಕ್ಷೆ ಪಾಸಾಗಬೇಕಂತೆ. ನೂರಕ್ಕೆ ಅರವತ್ತು ಬರಬೇಕು. ಒಟ್ಟು ಎಂಬತ್ತನಾಲ್ಕು ಪ್ರಶ್ನೆ. ಮುಂದೆ ‘ಹೌದು’, ‘ಇಲ್ಲ’ ಎಂದು ಎರಡು ಕಲಂ. ಮೊದಲ ಪ್ರಶ್ನೆ: ‘ನಿಮ್ಮ ಕಂಪನಿಗೆ ಬಾಗಿಲು, ಬೆಳಕು, ಗಾಳಿ ಇದೆಯೇ?’ ಉಗ್ರಾಣಿ ಎದ್ದು ಹೋಗಿ ಬಾಗಿಲು ನೋಡಿ ಬಂದು, ‘ಹೌದು’ ಎಂಬಲ್ಲಿ ಗುರುತು ಹಾಕಿದ. ಆಮೇಲೆ ಒಂದು ಆಕಳಿಕೆ ಬಂತು. ಕೈ ಸ್ಕೇಲಿನ ಮೇಲೆ ಬಿತ್ತು.

ಯಜಮಾನರು ಓದದೆ ಸಹಿ ಹಾಕಿದರು. ಅವರು ಓದಿ ಸಹಿ ಹಾಕಿದ್ದನ್ನು ನೋಡಿದವರು ಯಾರೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಯಜಮಾನರು ಉಗ್ರಾಣಿಯನ್ನು ಮೇಲಕ್ಕೆ ಕರೆಸಿದರು. ಅವರ ಕೈಯಲ್ಲಿ ಫಾರಮ್ಮಿನ ನಕಲಿತ್ತು. ಪಕ್ಕದ ಕುರ್ಚಿಯಲ್ಲಿ ಅವರ ಬಾಮೈದ ಬಿಳಿ ಪ್ಯಾಂಟು ಹಾಕಿಕೊಂಡು ಫೋನು ತೀಡುತ್ತಾ ಕೂತಿದ್ದ. ಕಾರ್ಖಾನೆಯಲ್ಲಿ ಅವನಿಗಿದ್ದ ಕೆಲಸ ಅದೊಂದೇ.

‘‘ಏನಯ್ಯಾ, ಆ ಸೋಪಿನ ಕಂಪನಿಯವರು ಫೋನ್ ಮಾಡಿದ್ರು. ಅವರ ನಲವತ್ತು ಸಣ್ಣ ಕಂಪನಿಗಳಲ್ಲಿ ಎಂಬತ್ನಾಲ್ಕಕ್ಕೆ ಎಂಬತ್ನಾಲ್ಕೂ ಹೌದು ಅಂದವರು ನಾವೊಬ್ಬರೇ ಅಂತೆ.’’

‘‘ಒಳ್ಳೇದೇ ಆಯ್ತಲ್ಲ ಸರ್,’’ ಎಂದ ಉಗ್ರಾಣಿ.

‘‘ಒಳ್ಳೇದಾ? ಕಣ್ಣಾರೆ ನೋಡೋಕೆ ಅಂತ ಹನ್ನೊಂದು ಗಂಟೆಗೆ ಒಬ್ಬರು ಮೇಡಂನ ಕಳಿಸ್ತಿದಾರೆ! ಹನ್ನೆರಡನೇ ಪ್ರಶ್ನೆ: ‘ಮನೆಯವರಲ್ಲದ ಹೊರಗಿನ ಡೈರೆಕ್ಟರ್ ಇದ್ದಾರೆಯೇ?’ ನೀನು ಹೌದು ಅಂದಿದೀಯ. ಡೈರೆಕ್ಟರ್ ಅಂತ ಇರೋದು ನಾನು, ನಮ್ಮಮ್ಮ, ನನ್ನ ಹೆಂಡ್ತಿ. ಹೆಂಡ್ತಿ ನನ್ನ ಜೊತೆ ಮಾತು ಬಿಟ್ಟು ಒಂದು ವಾರ ಆಯ್ತು. ಅವಳನ್ನ ಹೊರಗಿನವಳು ಅಂತ ತೋರಿಸಬಹುದಾ?’’

ಯಜಮಾನರು ಹಾಳೆ ತಿರುಗಿಸಿದರು.

‘‘ಮೂವತ್ತೊಂದು: ‘ಕಸ ವಿಂಗಡಿಸಲು ಮೂರು ಡ್ರಮ್ ಇವೆಯೇ?’ ಹೌದು. ಅರವತ್ತೊಂದು: ‘ನೌಕರರು ಭಯವಿಲ್ಲದೆ ದೂರು ಬರೆದು ಹಾಕುವ ಪೆಟ್ಟಿಗೆ ಇದೆಯೇ, ಅದನ್ನು ಬಳಸುತ್ತಾರೆಯೇ?’ ಹೌದು. ಇದು ಕೇಳು, ಐವತ್ತೇಳು: ‘ಕೊಳಕು ನೀರನ್ನು ಬೀದಿ ಚರಂಡಿಗೆ ಬಿಡುತ್ತೀರಾ?’ ಹೌದು! ಯಾವ ತಲೆ ಕೆಟ್ಟವನು ಇದಕ್ಕೆ ಹೌದು ಅಂತಾನಯ್ಯ?’’

ಬಾಮೈದ ಕಿಸಕ್ಕನೆ ನಕ್ಕ.

ಯಜಮಾನರು ದನಿ ಇಳಿಸಿದರು. ಅವರು ಕೂಗಿದಾಗ ಯಾರೂ ಹೆದರುತ್ತಿರಲಿಲ್ಲ, ದನಿ ಇಳಿಸಿದಾಗ ಎಲ್ಲರೂ ಹೆದರುತ್ತಿದ್ದರು. ‘‘ನೋಡು, ಮ್ಯಾನೇಜರ್ ರೂಮು ಎರಡು ತಿಂಗಳಿಂದ ಖಾಲಿ ಬಿದ್ದಿದೆ. ಇವತ್ತು ಅರವತ್ತು ಮಾರ್ಕ್ಸ್ ಬಂದ್ರೆ ಆ ರೂಮು, ಆ ಕೆಲಸ ನಿಂದೇ. ಸ್ಟೋರನ್ನ ನನ್ನ ಬಾಮೈದ ನೋಡ್ಕೊಳ್ತಾನೆ. ಬರದಿದ್ರೆ ಸೋಪಿನವರು ಬೇರೆ ಕಡೆ ಪೆಟ್ಟಿಗೆ ತಗೋತಾರೆ, ನೀವು ಮೂವತ್ತೆರಡು ಜನ ಮನೇಲಿ ಕೂರ್ತೀರಿ.’’

ಮ್ಯಾನೇಜರ್ ರೂಮಿಗೆ ಕಿಟಕಿ ಇತ್ತು. ಕಿಟಕಿಯಾಚೆ ಒಂದು ಮರವೂ ಇತ್ತು. ಹತ್ತೊಂಬತ್ತು ವರ್ಷದಿಂದ ಮಳೆ ಬರುತ್ತಿದೆಯೇ ಬಿಸಿಲಿದೆಯೇ ಎಂದು ಗ್ಲೌಸು ಕೇಳಲು ಬಂದವರ ಅಂಗಿ ನೋಡಿ ತಿಳಿಯುತ್ತಿದ್ದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ರೂಮು ತನಗೆ, ಸ್ಟೋರು ಬಾಮೈದನಿಗೆ ಎಂದು ಹೆಂಡತಿಗೆ ಫೋನಿನಲ್ಲಿ ಗಟ್ಟಿಯಾಗಿ ಹೇಳುತ್ತಾ ಅವನು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದ.

ಮೊದಲು ಡ್ರಮ್ಮು. ಗೋಂದಿನ ಖಾಲಿ ಡ್ರಮ್ಮು ಮೂರು ಸಿಕ್ಕವು. ಹಸಿರು, ನೀಲಿ, ಕೆಂಪು ಬಣ್ಣ ಬಳಿಯಬೇಕಿತ್ತು. ಸ್ಟೋರಿನಲ್ಲಿದ್ದದ್ದು ಕೆಂಪು ಮಾತ್ರ. ಮೇಸ್ತ್ರಿ, ಅಂದರೆ ರಟ್ಟು ಕತ್ತರಿಸುವ ಮಿಷನ್ ನೋಡಿಕೊಳ್ಳುವ, ಹೆಗಲು ಬಾಗಿಲಷ್ಟು ಅಗಲವಿದ್ದ ಮನುಷ್ಯ, ಮೂರಕ್ಕೂ ಕೆಂಪೇ ಬಳಿದ. ಮೇಲ್ವಿಚಾರಣೆಗೆಂದು ಬಂದ ಬಾಮೈದ ಫೋನು ನೋಡುತ್ತಲೇ ಮಧ್ಯದ ಡ್ರಮ್ಮಿನ ಮೇಲೆ ಕೂತ. ಏಳುವಾಗ ಬಿಳಿ ಪ್ಯಾಂಟಿನ ಹಿಂದೆ ದುಂಡನೆಯ ಕೆಂಪು ಮುದ್ರೆ ಬಿದ್ದಿತ್ತು. ಅದನ್ನು ಅವನಿಗೆ ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಆಮೇಲೆ ಹೊರಗಿನ ಡೈರೆಕ್ಟರು. ಗೇಟಿನ ಪಕ್ಕ ಚಹಾ ಅಂಗಡಿ ಇಟ್ಟಿದ್ದ ಅಕ್ಕನ ಮುಂದೆ ಉಗ್ರಾಣಿ ಕೈ ಮುಗಿದು ನಿಂತ. ‘‘ಅಕ್ಕಾ, ಒಂದು ಗಂಟೆ ಹೊತ್ತು ನೀವು ಡೈರೆಕ್ಟರ್ ಆಗ್ಬೇಕು.’’

‘‘ಆಗ್ತೀನಿ ಬಿಡು. ಹಾಲು ಉಕ್ಕಿದ್ರೆ ಯಾರು ನೋಡ್ತಾರೆ?’’

‘‘ನಾನು ನೋಡ್ಕೋತೀನಿ. ಯಜಮಾನರು ಸಹಿ ಹಾಕಿ ಕಾಗದನೂ ಕೊಡ್ತಾರೆ.’’

‘‘ಕಾಗದ ಯಾಕೆ, ಆ ಟಾಯ್ಲೆಟ್ ಚಿಲಕ ಹಾಕಿಸಿಕೊಟ್ಟಿದಾನಲ್ಲ ನಿಮ್ಮ ಯಜಮಾನ, ಅಷ್ಟು ಸಾಕು,’’ ಎಂದು ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು.

ಉಳಿದದ್ದು ದೂರಿನ ಪೆಟ್ಟಿಗೆ. ಪೆಟ್ಟಿಗೆ ಕಾರ್ಖಾನೆಯಲ್ಲಿ ಪೆಟ್ಟಿಗೆಗೆ ಬರವೇ? ಸೋಪಿನ ಪೆಟ್ಟಿಗೆಯೊಂದಕ್ಕೆ ಮೇಲೆ ಸೀಳು ಕೊಯ್ದು, ಮುಂದೆ ಒಂದು ಬೀಗ ಸಿಕ್ಕಿಸಿ, ಊಟದ ಕೋಣೆಯ ಗೋಡೆಗೆ ನೇತುಹಾಕಿದರು. ಬೀಗವೇ ಪೆಟ್ಟಿಗೆಗಿಂತ ಭಾರ ಇದ್ದದ್ದರಿಂದ ಅದು ತಲೆ ತಗ್ಗಿಸಿಕೊಂಡು ನೇತಾಡುತ್ತಿತ್ತು. ಉಗ್ರಾಣಿ ಮಿಷನ್ ನಿಲ್ಲಿಸಿ, ಎಲ್ಲರನ್ನೂ ಸೇರಿಸಿ, ಫಾರಮ್ಮಿನಲ್ಲಿದ್ದ ನಿಯಮವನ್ನು ಗಟ್ಟಿಯಾಗಿ ಓದಿದ:

‘‘ಯಾರು ಬೇಕಾದ್ರೂ ಏನು ಬೇಕಾದ್ರೂ ಬರೆದು ಹಾಕಬಹುದು. ಹೆಸರು ಬರೀಬೇಕಿಲ್ಲ. ಬರೆದದ್ದು ನ್ಯಾಯವಾಗಿದ್ರೆ ಮೂವತ್ತು ದಿನದೊಳಗೆ ಕಂಪನಿ ಅದನ್ನ ನಡೆಸಿಕೊಡಬೇಕು.’’

‘‘ನಿಜವಾಗ್ಲೂ ನಡೆಸಿಕೊಡ್ತಾರಾ ಅಣ್ಣ?’’ ಎಂದು ಮೇಸ್ತ್ರಿ ಕೇಳಿದ.

‘‘ಕೊಡಲೇಬೇಕು. ಇಲ್ದಿದ್ರೆ ಮಾರ್ಕ್ಸ್ ಕಟ್. ಬರೀರಿ, ಬರೀರಿ, ಪೆಟ್ಟಿಗೆ ಖಾಲಿ ಇರಬಾರ್ದು.’’

ಎಲ್ಲರೂ ಪೆಟ್ಟಿಗೆಯನ್ನು, ಇಂಜೆಕ್ಷನ್ ಕಂಡ ಮಕ್ಕಳ ಹಾಗೆ ನೋಡಿ, ಮತ್ತೆ ಮಿಷನ್ನುಗಳ ಕಡೆ ನಡೆದರು. ಗಂಟೆ ಹತ್ತಾಯಿತು. ಪೆಟ್ಟಿಗೆ ಖಾಲಿ. ಖಾಲಿ ಪೆಟ್ಟಿಗೆ ಕಂಡರೆ ‘ಬಳಸುತ್ತಾರೆ’ ಎಂಬುದು ಸುಳ್ಳಾಗುತ್ತದೆ. ಒಂದು ಸುಳ್ಳಾದರೆ ಎಂಬತ್ತನಾಲ್ಕೂ ಸುಳ್ಳು. ತಾನೇ ಎರಡು ಮೂರು ಬರೆದು ಹಾಕುವುದೆಂದು ಉಗ್ರಾಣಿ ತೀರ್ಮಾನಿಸಿದ. ಆದರೆ ಯಾರ ಮೇಲೆ ದೂರು ಬರೆಯುವುದು?

ಮೇಸ್ತ್ರಿಯನ್ನು ಕೇಳಿದ. ‘‘ನನ್ನ ಮೇಲಾ? ಬರೀ ಅಣ್ಣ, ನೋಡೋಣ,’’ ಎಂದು ಮೇಸ್ತ್ರಿ ತೋಳು ಮಡಿಸಿದ. ಅಕ್ಕನನ್ನು ಕೇಳಿದ. ‘‘ನನ್ನ ಚಹಾ ಸರಿ ಇಲ್ಲ ಅಂತ ಬರೆದೆಯೋ, ಜನ್ಮದಲ್ಲಿ ನಿನಗೆ ಚಹಾ ಇಲ್ಲ,’’ ಎಂದಳು ಡೈರೆಕ್ಟರು. ಯಜಮಾನರನ್ನು ಕೇಳುವ ಮಾತೇ ಇಲ್ಲ. ಯೋಚಿಸಿ ಯೋಚಿಸಿ, ಇಡೀ ಕಾರ್ಖಾನೆಯಲ್ಲಿ ಬೈಸಿಕೊಂಡರೂ ತೊಂದರೆ ಕೊಡದ ಮನುಷ್ಯ ಒಬ್ಬನೇ ಎಂದು ಅವನಿಗೆ ಹೊಳೆಯಿತು. ಸ್ಟೋರಿನ ಬಾಗಿಲು ಹಾಕಿಕೊಂಡು, ಅಕ್ಷರದ ಗುರುತು ಸಿಗದಿರಲೆಂದು ಪೆನ್ನನ್ನು ಎಡಗೈಗೆ ತೆಗೆದುಕೊಂಡ.

ಮೊದಲನೆಯ ದೂರು ಮೆತ್ತಗಿತ್ತು: ‘ಉಗ್ರಾಣದವರು ಗ್ಲೌಸು ಕೊಡಲು ತಡ ಮಾಡುತ್ತಾರೆ.’ ಎರಡನೆಯದರಲ್ಲಿ ಕೈ ಸ್ವಲ್ಪ ಕುದುರಿತು: ‘ಒಂದು ಸೂಜಿ ಕೊಡಲು ಮೂರು ಕಡೆ ಸಹಿ ಕೇಳುತ್ತಾರೆ. ಊಟವಾದ ಮೇಲೆ ರಟ್ಟಿನ ಕಟ್ಟಿನ ಮೇಲೆ ಗೊರಕೆ ಹೊಡೆಯುತ್ತಾರೆ.’ ಅಷ್ಟರಲ್ಲಿ ಫೋನು ಬಂತು. ಹೆಂಡತಿ.

‘‘ರೀ, ಕಿಟಕಿ ಎಷ್ಟಗಲ?’’

‘‘ಯಾವ ಕಿಟಕಿ?’’

‘‘ನಿಮ್ಮ ಹೊಸ ರೂಮಿಂದು ಕಣ್ರೀ. ಪರದೆ ಹೊಲಿಯೋಕೆ ಕೂತಿದೀನಿ. ಪಕ್ಕದ ಮನೆಯವರ ಮಿಷನ್ನು, ಸಾಯಂಕಾಲ ವಾಪಸ್ ಕೊಡ್ಬೇಕು.’’

‘‘ಇನ್ನೂ ಏನೂ ಆಗಿಲ್ಲ ಕಣೇ! ಯಾರಿಗೂ ಹೇಳ್ಬೇಡ.’’

‘‘ಬೀದಿಗೆಲ್ಲ ಹೇಳಿ ಆಯ್ತಲ್ಲ. ಅಗಲ ಎಷ್ಟು ಹೇಳ್ರೀ.’’

ಬಾಯಿಗೆ ಬಂದ ಅಳತೆ ಹೇಳಿ ಫೋನಿಟ್ಟ. ಆ ಸಿಡುಕಿನಲ್ಲೇ ಮೂರನೆಯ ದೂರಿಗೆ ಕೈ ಹಾಕಿದ. ಆಗ ಅವನ ಎಡಗೈಗೆ ಏನು ಮೆಟ್ಟಿಕೊಂಡಿತೋ ಗೊತ್ತಿಲ್ಲ. ‘ಈ ಮನುಷ್ಯ ತನ್ನನ್ನು ಮಹಾರಾಜ ಅಂದುಕೊಂಡಿದ್ದಾನೆ. ಸ್ಟೋರು ಇವನ ಅಪ್ಪನ ಆಸ್ತಿಯೇ? ಇವನ ಮುಖ ನೋಡಿದರೆ ಗೋಂದು ಕೂಡ ಒಣಗುತ್ತದೆ. ಇಂಥ ಸೋಮಾರಿ, ಜಂಭಗಾರ, ಕಲ್ಲೆದೆಯವನನ್ನು ಇನ್ನೂ ಇಟ್ಟುಕೊಂಡಿರುವುದು ಕಂಪನಿಗೆ ನಾಚಿಕೆಗೇಡು!’ ಬರೆದು ಮುಗಿಸಿ ಓದಿದಾಗ ಅವನಿಗೆ ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತು ವರ್ಷ ದುಡಿದವನ ಬಗ್ಗೆ ಹೀಗೆ ಬರೆಯಲು ಅವರಿಗೆ ಎಷ್ಟು ಧೈರ್ಯ ಎಂದುಕೊಂಡ. ಬರೆದವರು ಯಾರು ಎಂಬುದು ನೆನಪಾದ ಮೇಲೆ ಸಮಾಧಾನ ಮಾಡಿಕೊಂಡು, ಮೂರನ್ನೂ ಮಡಿಸಿ, ಯಾರೂ ಇಲ್ಲದ ಹೊತ್ತು ನೋಡಿ ಪೆಟ್ಟಿಗೆಗೆ ಹಾಕಿದ.

ಹನ್ನೊಂದಕ್ಕೆ ಸರಿಯಾಗಿ ಮೇಡಂ ಸ್ಕೂಟರಿನಲ್ಲಿ ಬಂದಿಳಿದರು. ದಪ್ಪ ಕನ್ನಡಕ, ಧೂಳು ಹಿಡಿದ ಶೂ, ಜೇಬಿನಲ್ಲಿ ಎರಡು ಪೆನ್ನು. ‘‘ನೀವು ಹೇಳಿದ್ದು ನೀಲಿಯಲ್ಲಿ ಬರ್ಕೋತೀನಿ, ನಾನು ನೋಡಿದ್ದು ಕೆಂಪಲ್ಲಿ,’’ ಎಂದರು.

‘‘ಮೂರು ಡ್ರಮ್ಮೂ ಒಂದೇ ಬಣ್ಣ ಯಾಕೆ?’’

‘‘ಜನಕ್ಕೆ ಗೊಂದಲ ಆಗಬಾರ್ದು ಅಂತ ಮೇಡಂ,’’ ಎಂದ ಮೇಸ್ತ್ರಿ.

ಮೇಡಂ ಮೂರರಲ್ಲೂ ಇಣುಕಿದರು. ಮೂರರಲ್ಲೂ ರಟ್ಟಿನ ಚೂರು. ಈ ಕಾರ್ಖಾನೆಯಲ್ಲಿ ಅದನ್ನು ಬಿಟ್ಟರೆ ಬೇರೆ ಕಸ ಇರಲಿಲ್ಲ. ಅದೂ ವಾರಕ್ಕೊಮ್ಮೆ ಕಾಗದದ ಮಿಲ್ಲಿಗೆ ಹೋಗುತ್ತಿತ್ತು. ಕೆಂಪು ಪೆನ್ನು ಏನೋ ಗೀಚಿತು. ಹಿಂದೆ ಮುದ್ರೆ ಹೊತ್ತ ಬಾಮೈದ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ. ಮೇಡಂ ಅದನ್ನೂ ನೋಡಿದರು, ಬರೆಯಲಿಲ್ಲ.

‘‘ಐವತ್ತೇಳು. ಕೊಳಕು ನೀರು ಚರಂಡಿಗೆ ಬಿಡ್ತೀರಿ ಅಂತ ಒಪ್ಪಿಕೊಂಡಿದೀರಿ.’’

‘‘ಅದೊಂದು ತಪ್ಪಾಗಿ ಬಿದ್ದಿದೆ ಮೇಡಂ,’’ ಎಂದ ಉಗ್ರಾಣಿ.

‘‘ಹೌದಾ? ಹಾಗಾದ್ರೆ ಇನ್ನೂ ಯಾವ್ಯಾವುದು ತಪ್ಪಾಗಿ ಬಿದ್ದಿದೆ?’’

ಉಗ್ರಾಣಿ ಎರಡೂ ಕೈ ಆಡಿಸಿದ. ‘‘ಇಲ್ಲ ಇಲ್ಲ ಮೇಡಂ, ಬಿಡ್ತೀವಿ! ಬೇಕಾದಷ್ಟು ಬಿಡ್ತೀವಿ!’’

‘‘ತೋರಿಸಿ.’’

ತೋರಿಸಲು ಕೊಳಕು ನೀರು ಎಲ್ಲಿತ್ತು? ಮೇಸ್ತ್ರಿ ಸಮಯಕ್ಕೆ ಸರಿಯಾಗಿ ಕೈ ತೊಳೆಯುವ ಜಾಗಕ್ಕೆ ಕರೆದೊಯ್ದ. ಚಹಾಕ್ಕೆ ಮುಂಚೆ ಎಲ್ಲರೂ ಗೋಂದಿನ ಕೈ ತೊಳೆದ ನೀರು ಸಣ್ಣಗೆ ಚರಂಡಿಗೆ ಇಳಿಯುತ್ತಿತ್ತು. ಮೇಡಂ ಬಗ್ಗಿ ನೋಡಿ, ಕನ್ನಡಕ ಸರಿ ಮಾಡಿಕೊಂಡರು. ‘‘ಇಷ್ಟಕ್ಕೆ ಹೌದು ಅಂದ್ರಾ? ಬಣ್ಣದ ನೀರು ಹೊಳೆ ತರಹ ಬಿಡೋರೆಲ್ಲ ಇಲ್ಲ ಅಂತ ಬರೆದಿದಾರೆ.’’

ಡೈರೆಕ್ಟರ್ ಅಕ್ಕನ ಸರದಿ ಬಂತು. ಮೇಡಂ ಕೇಳಿದರು: ‘‘ಯಜಮಾನರ ಮಾತಿಗೆ ನೀವು ಯಾವತ್ತಾದ್ರೂ ವಿರುದ್ಧ ಹೇಳಿದ್ದು ಉಂಟಾ?’’

‘‘ದಿನಾ ಹೇಳ್ತೀನಿ. ಸಕ್ಕರೆ ಜಾಸ್ತಿ ಹಾಕು ಅಂತಾನೆ, ಹಾಕಲ್ಲ. ಹೆಂಗಸರ ಟಾಯ್ಲೆಟ್‌ಗೆ ಚಿಲಕ ಇರಲಿಲ್ಲ, ಚಿಲಕ ಹಾಕಿಸೋ ತನಕ ಇವನಿಗೆ ಚಹಾನೇ ಕೊಡಲಿಲ್ಲ. ಮೂರೇ ದಿನ. ಹಾಕಿಸಿದ.’’

ಯಜಮಾನರು ನೆಲ ನೋಡಿದರು. ಕೆಂಪು ಪೆನ್ನು ಪುಟ ತುಂಬ ಓಡಿತು. ಇಂಥ ಡೈರೆಕ್ಟರನ್ನು ದೊಡ್ಡ ದೊಡ್ಡ ಕಂಪನಿಗಳಲ್ಲೂ ಕಂಡಿಲ್ಲ ಎಂದರು ಮೇಡಂ. ಉಗ್ರಾಣಿಗೆ ಕಿಟಕಿಯ ಗಾಳಿ ಆಗಲೇ ಮುಖಕ್ಕೆ ಬಡಿದಂತಾಯಿತು.

ಕೊನೆಗೆ ಪೆಟ್ಟಿಗೆ. ಬೀಗದ ಕೈ ತಿರುಗಿಸುವ ಮೊದಲೇ ಭಾರ ತಾಳದೆ ಪೆಟ್ಟಿಗೆಯ ತಳ ಕಳಚಿ ಬಿತ್ತು. ಉಗ್ರಾಣಿ ಮೂರು ಚೀಟಿ ಬೀಳುವುದನ್ನು ಕಾಯುತ್ತಿದ್ದ. ಬಿದ್ದದ್ದು ಮೂವತ್ತನಾಲ್ಕು. ಅವನು ಸುತ್ತ ನೋಡಿದ. ಊಟದ ಕೋಣೆಯ ಬಾಗಿಲಲ್ಲಿ ಗುಂಪುಗೂಡಿದ್ದ ಮೂವತ್ತೊಂದು ಜನ ಅವನನ್ನೇ ನೋಡಿ ಮುಸಿಮುಸಿ ನಗುತ್ತಿದ್ದರು.

ಮೇಡಂ ಮೊದಲ ಚೀಟಿ ಬಿಚ್ಚಿದರು, ಓದಿದರು, ಉಗ್ರಾಣಿಯ ಮುಖ ನೋಡಿದರು. ಎರಡನೆಯದು ಬಿಚ್ಚಿದರು, ಮತ್ತೆ ಅವನ ಮುಖ ನೋಡಿದರು. ಆರನೆಯದಾದ ಮೇಲೆ, ‘‘ಎಲ್ಲ ಇವರ ಬಗ್ಗೆನೇ ಇದೆ,’’ ಎಂದು ಯಜಮಾನರಿಗೆ ಹೇಳಿ, ಚೀಟಿಗಳನ್ನೆಲ್ಲ ಬಾಚಿಕೊಂಡು ಅವರ ಜೊತೆ ಮೇಲಕ್ಕೆ ಹೋಗಿ ಬಾಗಿಲು ಹಾಕಿಕೊಂಡರು.

ಉಗ್ರಾಣಿ ಮೆಟ್ಟಿಲ ಮೇಲೆ ಕುಸಿದು ಕೂತ. ಮೂವತ್ತೊಂದು ಜನ! ಯಾರಿಗೆ ತಾನು ಏನು ಮಾಡಿದ್ದೆ? ಸಹಿ ಕೇಳುತ್ತಿದ್ದದ್ದು ನಿಜ. ಗೊರಕೆಯೂ ನಿಜ. ಆದರೆ ಗ್ಲೌಸು ಹರಿದವರನ್ನು ಒಂದು ದಿನವೂ ಬರಿಗೈಯಲ್ಲಿ ಕಳಿಸಿದ್ದಿಲ್ಲ. ಕಿಟಕಿ ಹೋಗಲಿ, ಇವರೆಲ್ಲ ತನ್ನನ್ನು ಇಷ್ಟು ದ್ವೇಷಿಸುತ್ತಿದ್ದರೆಂಬುದೇ ಅವನಿಗೆ ತಡೆಯಲಾಗಲಿಲ್ಲ.

ಅರ್ಧ ಗಂಟೆಯ ಮೇಲೆ ಒಳಗೆ ಕರೆದರು. ಯಜಮಾನರ ಮುಖ ಅರಳಿತ್ತು.

‘‘ಎಂಬತ್ತೆರಡು ಮಾರ್ಕ್ಸ್ ಕಣಯ್ಯಾ!’’

‘‘ಎಂಬತ್ತೆರಡಾ?’’

‘‘ಹೋದ ಕಂಪನಿಗಳಲ್ಲೆಲ್ಲ ದೂರಿನ ಪೆಟ್ಟಿಗೆ ನೋಡಿದೀನಿ,’’ ಎಂದರು ಮೇಡಂ. ‘‘ಒಳಗೆ ಜೇಡ ಬಿಟ್ರೆ ಏನೂ ಇರಲ್ಲ. ನಿಮ್ಮಲ್ಲಿ ಒಬ್ಬರೂ ಬಿಡದೆ ಬರೆದಿದಾರೆ. ಕೇಳಿ.’’ ಅವರು ಓದತೊಡಗಿದರು.

‘‘‘ಸ್ಟೋರ್ ಅಣ್ಣನನ್ನು ಮೇಲಿನ ರೂಮಿಗೆ ಕಳಿಸಬೇಡಿ. ಅವರು ಸಹಿ ಕೇಳುತ್ತಾರೆ, ಆದರೆ ಗ್ಲೌಸು ಮೊದಲೇ ಕೊಟ್ಟಿರುತ್ತಾರೆ.’ ಇದು ನೋಡಿ: ‘ಅಣ್ಣನಿಗೆ ಜ್ವರ ಬಂದಾಗ ನಾಲ್ಕು ದಿನ ಬಾಮೈದ ಅವರು ಸ್ಟೋರಿನಲ್ಲಿದ್ದರು. ಒಬ್ಬರಿಗೆ ಒಂದೇ ಗ್ಲೌಸು ಕೊಟ್ಟರು. ಇನ್ನೊಂದು ಕೈಯನ್ನು ಜೇಬಿನಲ್ಲಿಟ್ಟುಕೊ ಎಂದರು.’ ಇನ್ನೊಂದು: ‘ಅಣ್ಣ ಸಾಯುವವರೆಗೂ ಸ್ಟೋರಿನಲ್ಲೇ ಇರಬೇಕು. ದೇವರು ಅವರಿಗೆ ನೂರು ವರ್ಷ ಆಯಸ್ಸು ಕೊಡಲಿ.’’’

ಉಗ್ರಾಣಿಯ ಕಣ್ಣು ತುಂಬಿ ಬಂತು. ಸಂತೋಷಕ್ಕೋ ಸಂಕಟಕ್ಕೋ ಅವನಿಗೇ ತಿಳಿಯಲಿಲ್ಲ. ನೂರು ವರ್ಷ, ಅದೂ ಆ ಟ್ಯೂಬ್‌ಲೈಟಿನ ಕೆಳಗೆ.

‘‘ಮೂವತ್ತೊಂದು ಜನರ ಒಂದೇ ಕೋರಿಕೆ. ಫಾರಮ್ಮಿನ ನಿಯಮದ ಪ್ರಕಾರ ಕಂಪನಿ ನಡೆಸಿಕೊಡಬೇಕು,’’ ಎಂದರು ಮೇಡಂ. ‘‘ಇವರನ್ನ ಸ್ಟೋರಿನಿಂದ ಕದಲಿಸಿದ್ರೆ ಮಾರ್ಕ್ಸ್ ವಾಪಸ್ ತಗೋತೀನಿ.’’

‘‘ಎಲ್ಲಾದ್ರೂ ಉಂಟಾ ಮೇಡಂ!’’ ಎಂದರು ಯಜಮಾನರು. ಆಮೇಲೆ ಉಗ್ರಾಣಿಯ ಹೆಗಲ ಮೇಲೆ ಕೈಯಿಟ್ಟು, ‘‘ನಿನ್ನ ಕಂಡರೆ ಜನಕ್ಕೆ ಎಷ್ಟು ಪ್ರೀತಿ ನೋಡಯ್ಯ! ಮೇಲಿನ ರೂಮು ಖಾಲಿ ಬಿಡೋ ಹಾಗಿಲ್ಲ, ಅದಕ್ಕೆ ನನ್ನ ಬಾಮೈದನನ್ನೇ ಮ್ಯಾನೇಜರ್ ಮಾಡ್ದೆ,’’ ಎಂದರು. ತೆರೆದ ಬಾಗಿಲಾಚೆ, ಮ್ಯಾನೇಜರ್ ರೂಮಿನ ಕಿಟಕಿಯ ಹತ್ತಿರ, ಬಾಮೈದ ಆಗಲೇ ಕೂತು ಫೋನು ತೀಡುತ್ತಿದ್ದ. ಹೊಸ ಕುರ್ಚಿಗೂ ಕೆಂಪು ತಾಗಿತ್ತು.

‘‘ಇನ್ನು ಉಳಿದ ಮೂರು,’’ ಎಂದು ಮೇಡಂ ಮೂರು ಚೀಟಿ ಬೇರೆ ತೆಗೆದಿಟ್ಟರು. ಅವರ ದನಿ ಬದಲಾಗಿತ್ತು. ‘‘ಮೂರೂ ಒಂದೇ ಕೈ. ಎಡಗೈಯಲ್ಲಿ ಬರೆದಿದಾರೆ. ಇಂಥ ಒಳ್ಳೇ ಮನುಷ್ಯನ ಬಗ್ಗೆ ಯಾವನೋ ಹಗೆ ಸಾಧಿಸಿದಾನೆ. ಯಾರು ಅಂತ ಮೂವತ್ತು ದಿನದೊಳಗೆ ಪತ್ತೆ ಮಾಡಿ ನನಗೆ ಬರೆದು ಕಳಿಸಬೇಕು.’’

‘‘ಇವನೇ ಮಾಡ್ತಾನೆ ಮೇಡಂ,’’ ಎಂದರು ಯಜಮಾನರು. ‘‘ಎಲ್ಲರ ಸಹಿನೂ ಇವನ ರಿಜಿಸ್ಟರ್‌ನಲ್ಲಿದೆ. ಬಿಡಬೇಡ ಕಣಯ್ಯಾ ಅವನನ್ನ!’’

ಉಗ್ರಾಣಿ ಕೆಳಗಿಳಿದು ಬಂದಾಗ ಮೂವತ್ತೊಂದು ಜನ ಚಪ್ಪಾಳೆ ತಟ್ಟಿದರು. ಮೇಲಿನ ಮಾತು ಆಗಲೇ ಕೆಳಗೆ ಮುಟ್ಟಿತ್ತು. ಮೇಸ್ತ್ರಿ ಮುಂದೆ ಬಂದು ಅವನನ್ನು ಅಪ್ಪಿಕೊಂಡ. ಆ ಅಪ್ಪುಗೆಗೆ ಉಗ್ರಾಣಿಯ ಪಕ್ಕೆಲುಬು ಲಟಕ್ಕೆಂದಿತು.

‘‘ಏನೂ ಯೋಚನೆ ಮಾಡ್ಬೇಡಿ ಅಣ್ಣ. ಆ ಮೂರು ಚೀಟಿ ಬರೆದವನು ಕೈಗೆ ಸಿಗಲಿ. ನೀವು ಬರೀ ಹೆಸರು ಹೇಳಿ, ಅವನ ಎಡಗೈ ನಾನೇ ಮುರೀತೀನಿ.’’

ಉಗ್ರಾಣಿ ತಲೆಯಾಡಿಸಿ, ಎಡಗೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದ.